ಸದ್ದಿಲ್ಲದ ಎಂಜಿನ್‌ಗೆ ಎದುರಾದ ಏರು

1907ರ ಬೇಸಿಗೆಯಲ್ಲಿ ಲಂಡನ್ ಮತ್ತು ಗ್ಲಾಸ್ಗೊ ನಡುವೆ ಬೆಳ್ಳಿ ಬಣ್ಣದ ಕಾರೊಂದು ಹಗಲಿರುಳೂ ಓಡಾಡುತ್ತಿತ್ತು. ಅದಕ್ಕೆ ಭಾನುವಾರ ಮಾತ್ರ ಬಿಡುವು. ಚಾಲಕರು ಬದಲಾಗುತ್ತಿದ್ದರು, ಕಾರು ಬದಲಾಗುತ್ತಿರಲಿಲ್ಲ. ಅದರೊಳಗೆ ರಾಯಲ್ ಆಟೊಮೊಬೈಲ್ ಕ್ಲಬ್ಬಿನ ವೀಕ್ಷಕರೊಬ್ಬರು ಪುಸ್ತಕ ಹಿಡಿದು ಕೂತು ಎಲ್ಲಿ ನಿಂತಿತು, ಯಾಕೆ ನಿಂತಿತು, ಏನು ಬಿಗಿದರು, ಏನು ಸುರಿದರು ಎಂಬುದನ್ನೆಲ್ಲ ಬರೆದುಕೊಳ್ಳುತ್ತಿದ್ದರು. 629ನೇ ಮೈಲಿಯಲ್ಲಿ ಎಂಜಿನ್ ತಾನಾಗಿ ನಿಂತುಬಿಟ್ಟಿತು. ಬಾನೆಟ್ ತೆರೆದು ನೋಡಿದರೆ ಮುರಿದದ್ದು ಏನೂ ಇಲ್ಲ. ರಸ್ತೆಯ ಕುಲುಕಾಟಕ್ಕೆ ಪೆಟ್ರೋಲಿನ ನಲ್ಲಿ ತಿರುಗಿ ಮುಚ್ಚಿಕೊಂಡಿತ್ತು, ಅಷ್ಟೆ. ನಲ್ಲಿ ತಿರುಗಿಸಿದರು, ಕಾರು ಹೊರಟಿತು. ಅಲ್ಲಿಂದ ಮುಂದಿನ 14,371 ಮೈಲಿ ಅದು ಒಮ್ಮೆಯೂ ತನ್ನ ತಪ್ಪಿನಿಂದ ನಿಲ್ಲಲಿಲ್ಲ. ಆಗಸ್ಟ್ 8ರಂದು 15,000 ಮೈಲಿ ಮುಗಿದಾಗ ಹಿಂದಿನ ದಾಖಲೆ ಎರಡು ಪಟ್ಟಿನಷ್ಟು ದೂರದಿಂದ ಮುರಿದಿತ್ತು.

ಅದರ ನಂತರ ನಡೆದದ್ದು ನನಗೆ ಓಟಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕಂಪನಿ ಆ ಕಾರನ್ನು ಕ್ಲಬ್ಬಿನವರ ಕೈಗೊಪ್ಪಿಸಿ, ಪೂರ್ತಿ ಬಿಚ್ಚಿ ನೋಡಿ ಎಂದಿತು. ಅವರು ಬಿಚ್ಚಿದರು. ಬೇರಿಂಗು, ಸಿಲಿಂಡರು, ಗೇರುಹಲ್ಲು ಒಂದೊಂದನ್ನೂ ಅಳೆದರು. ಅದನ್ನು ಹೊಸ ಕಾರಿನಂತೆ ಮಾಡಲು ಬೇಕಾದ ಬಿಡಿಭಾಗಗಳ ವೆಚ್ಚ 2 ಪೌಂಡ್ 2 ಶಿಲಿಂಗ್ 7 ಪೆನ್ಸ್ ಎಂದು ಲೆಕ್ಕ ಕೊಟ್ಟರು. ಬಾಡಿ ಕಟ್ಟದ ಬರಿಯ ಚಾಸಿಯ ಬೆಲೆಯೇ 985 ಪೌಂಡ್ ಇದ್ದ ವಾಹನವದು. ಎಎಕ್ಸ್ 201 ಎಂಬ ನೋಂದಣಿಯ ಆ ಕಾರಿಗೆ ಇಟ್ಟಿದ್ದ ಹೆಸರು ಸಿಲ್ವರ್ ಗೋಸ್ಟ್. ಬೆಳ್ಳಿ ಬಣ್ಣ, ಭೂತದಂತೆ ಸದ್ದಿಲ್ಲದ ನಡೆ. ಮುಂದೆ ಆ ಮಾದರಿಯ ರೋಲ್ಸ್-ರಾಯ್ಸ್ ಕಾರುಗಳಿಗೆಲ್ಲ ಅದೇ ಹೆಸರು ಉಳಿಯಿತು.

ಐದು ವರ್ಷ ಬಿಟ್ಟು ಇದೇ ಮಾದರಿಯ ಕಾರೊಂದು ಆಸ್ಟ್ರಿಯಾದ ಬೆಟ್ಟದ ಏರಿನಲ್ಲಿ ಉಸಿರು ಕಟ್ಟಿ ನಿಂತಿತು. ಮುರಿತವಿಲ್ಲ, ಸವೆತವಿಲ್ಲ, ಮುಚ್ಚಿಕೊಂಡ ನಲ್ಲಿಯೂ ಇಲ್ಲ. ಏರಲು ಆಗಲಿಲ್ಲ. ಒಳಗಿದ್ದವರನ್ನು ಇಳಿಸಿದ ಮೇಲಷ್ಟೇ ಮುಂದೆ ಸಾಗಿತು. 15,000 ಮೈಲಿ ಗೆದ್ದ ಎಂಜಿನ್ ಕೆಲವು ನೂರು ಗಜದ ಏರಿಗೆ ಹೇಗೆ ಸೋತಿತು? ಆ ಕಾಲದ ಶ್ರೀಮಂತರ ಕಾರುಗಳನ್ನು ಯಾರು, ಯಾವ ಪ್ರಶ್ನೆ ಹಿಡಿದು ಪರೀಕ್ಷಿಸುತ್ತಿದ್ದರು ಎಂಬ ಕಥೆಯಲ್ಲೇ ಇದಕ್ಕೆ ಉತ್ತರವಿದೆ.

ಹೆನ್ರಿ ರಾಯ್ಸ್ ಹುಟ್ಟಿದ್ದು 1863ರಲ್ಲಿ, ಇಂಗ್ಲೆಂಡಿನ ಪೀಟರ್‌ಬರೊ ಹತ್ತಿರದ ಆಲ್‌ವಾಲ್ಟನ್ ಎಂಬ ಹಳ್ಳಿಯಲ್ಲಿ. ತಂದೆ ಹಿಟ್ಟಿನ ಗಿರಣಿ ನಡೆಸಿ ಕೈಸುಟ್ಟುಕೊಂಡವರು, ಮಗನಿಗೆ ಒಂಬತ್ತು ವರ್ಷವಾದಾಗ ತೀರಿಕೊಂಡರು. ಹುಡುಗ ಪತ್ರಿಕೆ ಮಾರಿದ, ತಂತಿ ಹಂಚಿದ, ರೈಲ್ವೆ ಕಾರ್ಯಾಗಾರದಲ್ಲಿ ಕೆಲಸ ಕಲಿಯಲು ಸೇರಿ ಹಣವಿಲ್ಲದೆ ಅರ್ಧಕ್ಕೇ ಬಿಟ್ಟ. 1884ರಲ್ಲಿ ಮ್ಯಾಂಚೆಸ್ಟರಿನ ಕುಕ್ ಸ್ಟ್ರೀಟಿನಲ್ಲಿ ಸಣ್ಣ ವಿದ್ಯುತ್ ಕಾರ್ಖಾನೆ ತೆರೆದ. ಮೊದಲು ಕರೆಗಂಟೆ, ಆಮೇಲೆ ಡೈನಮೊ, ಆಮೇಲೆ ವಿದ್ಯುತ್ ಕ್ರೇನು. ಕೆಲಸಕ್ಕೆ ಕೂತರೆ ಊಟದ ನೆನಪೇ ಇರದ ಈ ಮನುಷ್ಯನ ಹಿಂದೆ ಹಾಲಿನ ಲೋಟ ಹಿಡಿದು ಹುಡುಗರು ಓಡಾಡುತ್ತಿದ್ದರಂತೆ. ರಾಯ್ಸ್ ಅವರ ಬದುಕಿನ ಎಷ್ಟೋ ಕಥೆಗಳನ್ನು ಜಾಹೀರಾತಿನವರು ಹಿಗ್ಗಿಸಿದ್ದಾರೆ. ಇದನ್ನು ಮಾತ್ರ ನಂಬಬೇಕೆನಿಸುತ್ತದೆ, ಏಕೆಂದರೆ ನಂತರದ ಅವರ ಅನಾರೋಗ್ಯ ಅದಕ್ಕೆ ಸಾಕ್ಷಿ ಹೇಳುತ್ತದೆ.

1903ರಲ್ಲಿ ರಾಯ್ಸ್ ಹಳೆಯ ಡಿಕೊವಿಲ್ ಎಂಬ ಫ್ರೆಂಚ್ ಕಾರು ಕೊಂಡರು. ಅದರ ಅದುರಾಟ, ಸದ್ದು, ಕಿಡಿ ಹೊತ್ತಿಸುವ ವ್ಯವಸ್ಥೆಯ ಕೈಕೊಡುವಿಕೆ ಯಾವುದೂ ಅವರಿಗೆ ಸಹನೆಯಾಗಲಿಲ್ಲ. ಬಿಚ್ಚಿ ನೋಡಿ, ಇದಕ್ಕಿಂತ ಚೆನ್ನಾಗಿ ಮಾಡುತ್ತೇನೆಂದು ಹತ್ತು ಅಶ್ವಶಕ್ತಿಯ ಮೂರು ಕಾರು ಕಟ್ಟಿದರು. ಮೊದಲನೆಯದು 1904ರ ಏಪ್ರಿಲ್ 1ರಂದು ಕಾರ್ಖಾನೆಯಿಂದ ಹೊರಬಿತ್ತು. ಅದೇ ವರ್ಷದ ಮೇ 4ರಂದು ಮ್ಯಾಂಚೆಸ್ಟರಿನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ಅವರಿಗೆ ಚಾರ್ಲ್ಸ್ ರೋಲ್ಸ್ ಭೇಟಿಯಾದರು. ರೋಲ್ಸ್ ಶ್ರೀಮಂತ ಮನೆತನದ ಯುವಕ, ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಓದಿ ಲಂಡನ್ನಿನಲ್ಲಿ ವಿದೇಶಿ ಕಾರು ಮಾರುತ್ತಿದ್ದವರು. ಎರಡು ಸಿಲಿಂಡರಿನ ಕಾರು ನಡುಗದೆ ಇದ್ದೀತೇ ಎಂದು ಅನುಮಾನಿಸುತ್ತಲೇ ಹತ್ತಿ, ಮನಸ್ಸು ಬದಲಿಸಿಕೊಂಡು ಇಳಿದರು. ಅವರ ವ್ಯಾಪಾರದ ಪಾಲುದಾರ ಕ್ಲಾಡ್ ಜಾನ್ಸನ್ ಈ ಕಥೆಯ ಮೂರನೆಯ ವ್ಯಕ್ತಿ. ಆಟೊಮೊಬೈಲ್ ಕ್ಲಬ್ಬಿನ ಮೊದಲ ಕಾರ್ಯದರ್ಶಿಯಾಗಿ 1900ರ ಸಾವಿರ ಮೈಲಿ ಪರೀಕ್ಷಾ ಯಾತ್ರೆ ನಡೆಸಿದವರು ಅವರೇ. ಜನ ಕಾರನ್ನು ನಂಬುವುದು ಮಾತಿನಿಂದಲ್ಲ, ಹೊರಗಿನವರು ಕಣ್ಣಿಟ್ಟು ನಡೆಸಿದ ಪರೀಕ್ಷೆಯಿಂದ ಎಂಬುದನ್ನು ಇಂಗ್ಲೆಂಡಿನಲ್ಲಿ ಅವರಷ್ಟು ಚೆನ್ನಾಗಿ ಅರಿತವರು ವಿರಳ.

ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಆರು ಸಿಲಿಂಡರಿನ ಎಂಜಿನ್‌ನಲ್ಲಿ. ಲಂಡನ್ನಿನ ನೇಪಿಯರ್ ಕಂಪನಿ 1904ರ ಹೊತ್ತಿಗೇ ಅಂಥ ಕಾರನ್ನು ಮಾರಿ ಹೆಸರು ಮಾಡಿತ್ತು. ಅದರ ಮಾರಾಟದ ಹೊಣೆ ಹೊತ್ತ ಸೆಲ್ವಿನ್ ಎಡ್ಜ್, ಆರು ಸಿಲಿಂಡರ್ ಇಲ್ಲದ ಕಾರು ಶ್ರೀಮಂತರಿಗೆ ತಕ್ಕದ್ದಲ್ಲ ಎಂಬ ಭಾವನೆ ಹಬ್ಬಿಸಿದ್ದರು. ರಾಯ್ಸ್ ಕೂಡ 30 ಅಶ್ವಶಕ್ತಿಯ ಆರು ಸಿಲಿಂಡರಿನ ಕಾರು ತಂದರು. ಎರಡೆರಡು ಸಿಲಿಂಡರಿನ ಮೂರು ತುಂಡು ಜೋಡಿಸಿ ಮಾಡಿದ ಆ ಎಂಜಿನ್‌ಗೆ ಕ್ರ್ಯಾಂಕ್‌ಶಾಫ್ಟ್ ಮುರಿಯುವ ಕಾಯಿಲೆ ಅಂಟಿತು. ಉಕ್ಕು ಕೆಟ್ಟದ್ದಿರಲಿಲ್ಲ, ಭಾರವೂ ಹೆಚ್ಚಿರಲಿಲ್ಲ. ಆದರೂ ಒಂದು ನಿರ್ದಿಷ್ಟ ವೇಗ ಬಂದಾಗ ಶಾಫ್ಟ್ ನಡುಗಿ, ದಿನ ಕಳೆದಂತೆ ಸೀಳಿ ಮುರಿಯುತ್ತಿತ್ತು.

ಕಾರಣ ನಮ್ಮ ಉಯ್ಯಾಲೆಯಲ್ಲಿದೆ. ಮಗು ಕೂತ ಉಯ್ಯಾಲೆಯನ್ನು ಅದು ಹಿಂದಕ್ಕೆ ಬಂದ ಕ್ಷಣಕ್ಕೆ ಸರಿಯಾಗಿ ಬೆರಳಿನಿಂದ ಸೋಕಿಸುತ್ತಿದ್ದರೂ ಸಾಕು, ಹತ್ತಾರು ಸಲಕ್ಕೆ ಅದು ತಲೆಮಟ್ಟಕ್ಕೆ ಏರುತ್ತದೆ. ಆರು ಸಿಲಿಂಡರಿನ ಶಾಫ್ಟ್ ಉದ್ದವಾದದ್ದು, ಒದ್ದೆ ಬಟ್ಟೆ ಹಿಂಡಿದಂತೆ ಕೂದಲೆಳೆಯಷ್ಟು ತಿರುಚಿಕೊಂಡು ಬಿಡಬಲ್ಲದು. ಹಾಗೆ ತಿರುಚಿ ಬಿಡುವುದಕ್ಕೆ ಅದರದೇ ಒಂದು ಲಯವಿದೆ. ಸಿಲಿಂಡರಿನ ಒಳಗಿನ ಹೊಡೆತಗಳು ಆ ಲಯಕ್ಕೆ ತಾಳ ಕೂಡಿದಾಗ ಸಣ್ಣ ತಿರುಚು ಬೆಳೆಯುತ್ತ ಹೋಗಿ ಉಕ್ಕನ್ನೇ ತಿನ್ನುತ್ತದೆ. ಇದನ್ನು ಅಂದು ಪುಸ್ತಕದಲ್ಲಿ ಓದಿ ಕಲಿಯುವಂತಿರಲಿಲ್ಲ. ಮುರಿದ ಶಾಫ್ಟನ್ನು ಕೈಯಲ್ಲಿ ಹಿಡಿದು, ಬಿರುಕು ಎಲ್ಲಿ ಹುಟ್ಟಿತು, ಯಾವ ಕಡೆಗೆ ಹರಿಯಿತು ಎಂದು ಓದಬೇಕಿತ್ತು.

ರಾಯ್ಸ್ ಓದಿದರು. 1906ರ ನವೆಂಬರಿನಲ್ಲಿ ಲಂಡನ್ನಿನ ಒಲಿಂಪಿಯಾ ಪ್ರದರ್ಶನಕ್ಕೆ ಬಂದ 40/50 ಅಶ್ವಶಕ್ತಿಯ ಹೊಸ ಚಾಸಿ ಆ ಓದಿನ ಫಲ. ಮೂರು ಮೂರು ಸಿಲಿಂಡರಿನ ಎರಡು ತುಂಡು. ಸಿಲಿಂಡರಿನ ಅಗಲ ನಾಲ್ಕೂವರೆ ಅಂಗುಲ, ಪಿಸ್ಟನ್ ಚಲಿಸುವ ದೂರವೂ ನಾಲ್ಕೂವರೆ ಅಂಗುಲ, ಒಟ್ಟು ಗಾತ್ರ 7036 ಸಿ.ಸಿ. ಗಿಡ್ಡಗೆ ದಪ್ಪಗಿದ್ದ ಕ್ರ್ಯಾಂಕ್‌ಶಾಫ್ಟನ್ನು ಏಳು ಬೇರಿಂಗುಗಳು ಹಿಡಿದಿದ್ದವು. ಶಾಫ್ಟನ್ನು ಟೊಳ್ಳು ಮಾಡಿ ಅದರೊಳಗಿಂದಲೇ ಒತ್ತಡದಲ್ಲಿ ಎಣ್ಣೆ ಹರಿಸಿದ್ದರು. ಉಳಿದ ಹಲವು ಕಾರುಗಳಲ್ಲಿ ಆಗ ಎಣ್ಣೆ ಹನಿಹನಿಯಾಗಿ ತೊಟ್ಟಿಕ್ಕಬೇಕಿತ್ತು, ಇಲ್ಲವೇ ಕೆಳಗಿನ ತೊಟ್ಟಿಯಿಂದ ಸಿಡಿಯಬೇಕಿತ್ತು. 2 ಪೌಂಡ್ 2 ಶಿಲಿಂಗಿನ ಆ ಬಿಲ್ಲಿನ ಗುಟ್ಟು ಬಹುಪಾಲು ಈ ಎಣ್ಣೆಯ ದಾರಿಯಲ್ಲೇ ಇದೆ ಎಂದು ನನ್ನ ನಂಬಿಕೆ. ಲೋಹಕ್ಕೆ ಲೋಹ ತಾಗದಿದ್ದರೆ ಸವೆಯುವುದಾದರೂ ಏನು?

ಶಾಫ್ಟಿನ ನಡುಕ ಅಡಗಿಸಲು ಇನ್ನೊಂದು ಉಪಾಯವೂ ಬಂತು. ಶಾಫ್ಟಿನ ಮುಂದಿನ ತುದಿಗೆ ಸಣ್ಣದೊಂದು ಚಕ್ರ. ಅದನ್ನು ಬೋಲ್ಟಿನಿಂದ ಬಿಗಿಯುವುದಿಲ್ಲ, ಉಜ್ಜಿ ಜಾರುವಂತೆ ಹಿಡಿಸುತ್ತಾರೆ. ಶಾಫ್ಟ್ ಸಮನಾಗಿ ತಿರುಗುವಾಗ ಚಕ್ರವೂ ಜೊತೆಗೆ ತಿರುಗುತ್ತದೆ. ಶಾಫ್ಟ್ ನಡುಗಿದರೆ ಚಕ್ರ ಹಿಂದೆ ಉಳಿದು ಉಜ್ಜುತ್ತದೆ, ನಡುಕ ಬಿಸಿಯಾಗಿ ಕರಗಿಹೋಗುತ್ತದೆ. ಇದನ್ನು ಮೊದಲು ಕಂಡವರು ಯಾರು ಎಂಬ ವಾದ ಇನ್ನೂ ತೀರಿಲ್ಲ. ಫ್ರೆಡರಿಕ್ ಲ್ಯಾಂಚೆಸ್ಟರ್ ಡೇಮ್ಲರ್ ಕಂಪನಿಯ ಸಲಹೆಗಾರರಾಗಿದ್ದಾಗ ಇಂಥದ್ದೇ ಸಾಧನಕ್ಕೆ 1910ರಲ್ಲಿ ಪೇಟೆಂಟ್ ಪಡೆದರು. ರಾಯ್ಸ್ ಅದಕ್ಕೂ ಮೊದಲೇ ಬಳಸಿದ್ದರು, ಪೇಟೆಂಟಿಗೆ ತಲೆಕೆಡಿಸಿಕೊಳ್ಳಲಿಲ್ಲ ಎನ್ನುವ ಇತಿಹಾಸಕಾರರಿದ್ದಾರೆ. ತತ್ತ್ವವನ್ನು ಗಣಿತವಾಗಿ ಅರಿತು ಬರೆದಿಟ್ಟವರು ಲ್ಯಾಂಚೆಸ್ಟರ್, ಆದ್ದರಿಂದ ಶ್ರೇಯ ಅವರದೇ ಎನ್ನುವವರೂ ಇದ್ದಾರೆ. ಒಂದೇ ಕಾಯಿಲೆ ಇಬ್ಬರನ್ನೂ ಕಾಡಿತು, ಇಬ್ಬರೂ ಹೆಚ್ಚುಕಡಿಮೆ ಒಂದೇ ಮದ್ದು ಅರೆದರು ಎಂಬುದು ನನಗೆ ಸಹಜವಾಗಿಯೇ ಕಾಣುತ್ತದೆ.

ಹೀಗೆ ಸಿದ್ಧವಾದ ಎಂಜಿನ್ನನ್ನು ಜಾನ್ಸನ್ 1907ರಲ್ಲಿ ರಸ್ತೆಗಿಳಿಸಿದ್ದನ್ನು ಮೊದಲೇ ಹೇಳಿದೆ. ಅದು ಪರೀಕ್ಷೆಯೋ ಪ್ರಚಾರವೋ ಎಂದು ಕೇಳುವವರಿದ್ದಾರೆ. ಎರಡೂ ಹೌದು. ಜಾನ್ಸನ್ ಪತ್ರಿಕೆಯವರನ್ನು ಕರೆದು ಕೂರಿಸಿಕೊಂಡರು, ಕಾರಿಗೆ ಬೆಳ್ಳಿ ಬಣ್ಣ ಬಳಿಸಿದರು, ಹೆಸರು ಕೆತ್ತಿಸಿದರು. ಆದರೆ ಬಿಚ್ಚಿ ಅಳೆಯಿರಿ ಎಂದು ಹೊರಗಿನವರ ಮುಂದೆ ಎಂಜಿನ್ ಹರವುವುದು ಬರಿಯ ಪ್ರಚಾರಕ್ಕೆ ಹೊರಟವರ ಕೆಲಸವಲ್ಲ. ಒಂದು ಬೇರಿಂಗ್ ಸವೆದಿದ್ದರೂ ಅದು ಅಚ್ಚಾಗುತ್ತಿತ್ತು.

ಅದೇ ವರ್ಷ ಪರೀಕ್ಷೆಯ ನೆಲವೇ ಬದಲಾಯಿತು. ಇಂಗ್ಲೆಂಡಿನ ರಸ್ತೆಗಳಲ್ಲಿ ಗಂಟೆಗೆ 20 ಮೈಲಿಯ ಮಿತಿ ಇತ್ತು. ಎಂಜಿನ್ ಪೂರ್ತಿ ಬಲದಿಂದ ಹೊತ್ತುಗಟ್ಟಲೆ ಓಡಿದರೆ ಏನಾಗುತ್ತದೆ ಎಂದು ನೋಡಲು ಜಾಗವೇ ಇರಲಿಲ್ಲ. 1907ರ ಜೂನ್‌ನಲ್ಲಿ ಸರ್ರೆಯ ವೇಬ್ರಿಜ್ ಹತ್ತಿರ ಬ್ರೂಕ್‌ಲ್ಯಾಂಡ್ಸ್ ಓಟದ ಪಥ ತೆರೆಯಿತು. ಕಾರಿಗೆಂದೇ ಕಟ್ಟಿದ, ತಿರುವಿನಲ್ಲಿ ಗೋಡೆಯಂತೆ ಎದ್ದು ನಿಂತ ಕಾಂಕ್ರೀಟ್ ಪಥ ಅದು. ತಿಂಗಳು ಮುಗಿಯುವ ಮೊದಲೇ ಎಡ್ಜ್ ತಮ್ಮ ನೇಪಿಯರ್ ತಂದು ಒಬ್ಬರೇ 24 ಗಂಟೆ ಓಡಿಸಿದರು. ರಾತ್ರಿ ಪಥದ ಅಂಚಿಗೆ ದೀಪಗಳನ್ನು ಸಾಲಿಟ್ಟಿದ್ದರು. ಒಟ್ಟು ಕ್ರಮಿಸಿದ್ದು 1,581 ಮೈಲಿ, ಸರಾಸರಿ ಗಂಟೆಗೆ 65.9 ಮೈಲಿ.

ರಸ್ತೆ, ಪಥ ಎರಡೂ ಅಲ್ಲದ ಮೂರನೆಯ ಜಾಗ ಕಾರ್ಖಾನೆಯ ಒಳಗಿನ ಪರೀಕ್ಷಾ ಕಟ್ಟೆ. ಎಂಜಿನ್‌ಗೆ ಎಷ್ಟು ಬಲವಿದೆ ಎಂದು ತಿಳಿಯಬೇಕಾದರೆ ಅದನ್ನು ತಡೆದು ನೋಡಬೇಕು. ತಿರುಗುವ ಶಾಫ್ಟನ್ನು ನೀರಿನ ತಡೆಯಿಂದಲೋ ಉಜ್ಜುವ ಬ್ರೇಕಿನಿಂದಲೋ ಹಿಡಿದು, ಆ ತಡೆ ತೋಳಿನ ತುದಿಯಲ್ಲಿ ಎಷ್ಟು ತೂಕ ಎತ್ತುತ್ತದೆ ಎಂದು ಓದುವ ಉಪಕರಣವೇ ಡೈನಮೊಮೀಟರ್. ಇದರ ಅತ್ಯಂತ ಹಟದ ಬಳಕೆ ಕಂಡುಬಂದದ್ದು ರೋಲ್ಸ್-ರಾಯ್ಸ್‌ನಲ್ಲಿ ಅಲ್ಲ, ಕವೆಂಟ್ರಿಯ ಡೇಮ್ಲರ್‌ನಲ್ಲಿ. ಅರಮನೆಗೆ ಕಾರು ಕೊಡುತ್ತಿದ್ದ ಆ ಕಂಪನಿ ಕವಾಟಗಳ ಟಕಟಕ ಸದ್ದು ತಪ್ಪಿಸಲು ಅಮೆರಿಕದ ಚಾರ್ಲ್ಸ್ ನೈಟ್ ಎಂಬವರ ವಿನ್ಯಾಸ ಕೊಂಡಿತ್ತು. ಅದರಲ್ಲಿ ಕವಾಟಗಳ ಬದಲು ಸಿಲಿಂಡರಿನೊಳಗೆ ಜಾರುವ ಕೊಳವೆಗಳು. ಇದು ಬಿಸಿಗೆ ಕಚ್ಚಿಕೊಂಡೀತು ಎಂದು ಎಲ್ಲರೂ ಹೇಳುತ್ತಿದ್ದುದರಿಂದ 1909ರಲ್ಲಿ ಎರಡು ಎಂಜಿನ್‌ಗಳನ್ನು ಕ್ಲಬ್ಬಿನ ಕೈಗೆ ಕೊಟ್ಟರು. ಅವನ್ನು 132 ಗಂಟೆ, ಅಂದರೆ ಐದೂವರೆ ದಿನ, ಹೊರೆ ಇಳಿಸದೆ ಕಟ್ಟೆಯ ಮೇಲೆ ಓಡಿಸಿದರು. ಬಳಿಕ ಚಾಸಿಗೆ ಕೂರಿಸಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಸುಮಾರು ಎರಡು ಸಾವಿರ ಮೈಲಿ ಓಡಿಸಿ, ತಿರುಗಿ ಕಟ್ಟೆಗೆ ಏರಿಸಿ ಐದು ಗಂಟೆ ಅಳೆದರು. ದೊಡ್ಡ ಎಂಜಿನ್ ಮೊದಲ ಸುತ್ತಿನಲ್ಲಿ ಕೊಟ್ಟದ್ದು 54 ಅಶ್ವಶಕ್ತಿಗೂ ತುಸು ಮಿಗಿಲು. ಕೊನೆಯಲ್ಲಿ ಅದು ಇನ್ನಷ್ಟು ಹೆಚ್ಚು ಕೊಟ್ಟಿತು. ಕ್ಲಬ್ಬು ಕೊಡುವ ಆ ವರ್ಷದ ಡ್ಯೂವರ್ ಟ್ರೋಫಿ ಡೇಮ್ಲರ್‌ಗೆ ಬಂತು.

ಅಶ್ವಶಕ್ತಿ ಎಂದ ಕೂಡಲೇ ಒಂದು ಗೊಂದಲ ಬಿಡಿಸಬೇಕು. ಕ್ಲಬ್ಬು 1906ರಲ್ಲಿ ಒಂದು ಸೂತ್ರ ಕೊಟ್ಟಿತ್ತು: ಸಿಲಿಂಡರಿನ ಅಗಲವನ್ನು ಅಂಗುಲದಲ್ಲಿ ಅಳೆದು ವರ್ಗ ಮಾಡಿ, ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, ಎರಡೂವರೆಯಿಂದ ಭಾಗಿಸು. ಸಿಲ್ವರ್ ಗೋಸ್ಟ್‌ಗೆ ಇದು 48.6 ಬರುತ್ತದೆ. 1910ರಿಂದ ಸರಕಾರ ತೆರಿಗೆಯನ್ನೂ ಇದೇ ಲೆಕ್ಕದ ಮೇಲೆ ಹಾಕಿತು. 40ರಿಂದ 60 ಅಶ್ವಶಕ್ತಿಯ ಕಾರಿಗೆ ವರ್ಷಕ್ಕೆ 21 ಪೌಂಡ್. ಆದರೆ ಪಿಸ್ಟನ್ ಎಷ್ಟು ದೂರ ಚಲಿಸುತ್ತದೆ ಎಂಬುದು ಸೂತ್ರದಲ್ಲಿ ಎಲ್ಲೂ ಇರಲಿಲ್ಲ. ಅದನ್ನು ಎಷ್ಟು ಉದ್ದ ಮಾಡಿದರೂ ಬಲ ಹೆಚ್ಚುತ್ತದೆ, ಕಾಗದದ ಮೇಲಿನ ಅಂಕಿ ಕದಲುವುದಿಲ್ಲ. ಇಂಗ್ಲೆಂಡಿನ ಎಂಜಿನ್‌ಗಳು ದಶಕಗಳ ಕಾಲ ಸಪೂರವಾಗಿ ಉದ್ದವಾಗಿ ಬೆಳೆದದ್ದಕ್ಕೆ ಈ ಸೂತ್ರವೇ ಮುಖ್ಯ ಕಾರಣ. ರಾಯ್ಸ್ ತಮ್ಮ ಎಂಜಿನ್ನಿನಲ್ಲಿ ಪಿಸ್ಟನ್ ಚಲಿಸುವ ದೂರವನ್ನು ಕಾಲು ಅಂಗುಲ ಹೆಚ್ಚಿಸಿ ಗಾತ್ರವನ್ನು 7428 ಸಿ.ಸಿ.ಗೆ ಒಯ್ದದ್ದೂ ಈ ದಿನಗಳಲ್ಲೇ. ಸೂತ್ರದ ಕಣ್ಣಿಗೆ ಅದು ಅದೇ 48.6.

ಈ ನಡುವೆ ಕಾರು ನಮ್ಮ ನೆಲದ ಏರುಗಳನ್ನೂ ಕಂಡಿತ್ತು. 1908ರಲ್ಲಿ ‘ಪರ್ಲ್ ಆಫ್ ದಿ ಈಸ್ಟ್’ ಎಂದು ಹೆಸರಿಟ್ಟ ಸಿಲ್ವರ್ ಗೋಸ್ಟ್ ಒಂದನ್ನು ಮುಂಬಯಿಗೆ ತಂದು ಮುಂಬಯಿ-ಕೊಲ್ಹಾಪುರ ಬೆಟ್ಟದ ಪರೀಕ್ಷಾ ಯಾತ್ರೆಗೆ ಇಳಿಸಿದರು. 620 ಮೈಲಿ, ನಡುವೆ ಸಹ್ಯಾದ್ರಿಯ ಘಾಟಿಗಳು. ಬೆಳಗಾವಿಯಿಂದ ಪುಣೆಗೆ ಓಡಾಡುವ ನಮ್ಮವರಿಗೆ ಆ ಸೀಮೆಯ ತಿರುವು, ಏರು, ಕೆಂಪು ದೂಳು ಯಾವುದೂ ಹೊಸದಲ್ಲ. ಡಾಂಬರು ಇಲ್ಲದ ಆ ಕಾಲದಲ್ಲಿ, ಏಪ್ರಿಲ್-ಮೇ ಬೇಕಿಲ್ಲದೆಯೂ ರೇಡಿಯೇಟರ್ ಕುದಿಸಬಲ್ಲ ದಖ್ಖನ್ನಿನ ಬಿಸಿಲಿನಲ್ಲಿ ಕಾರು ಕೆಡದೆ ಮುಗಿಸಿತು. ಗ್ವಾಲಿಯರ್ ಮಹಾರಾಜರು ಅದನ್ನು ಕೊಂಡರು. ಆ ಕಾರಿಗೆ ನಾಲ್ಕು ಗೇರು ಇದ್ದವು ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು.

ಆ ನಾಲ್ಕರಲ್ಲಿ ಮೂರನೆಯದು ನೇರ ಗೇರು: ಎಂಜಿನ್ನಿನ ತಿರುಗಾಟ ಹಲ್ಲುಗಳ ನಡುವೆ ಹಾಯದೆ ನೇರವಾಗಿ ಹಿಂದಕ್ಕೆ ಹೋಗುತ್ತಿತ್ತು, ಆದ್ದರಿಂದ ಸದ್ದಿರಲಿಲ್ಲ. ನಾಲ್ಕನೆಯದು ಸಮತಟ್ಟು ರಸ್ತೆಯಲ್ಲಿ ಎಂಜಿನ್ನಿಗೆ ವಿರಾಮ ಕೊಡುವ ಓಟದ ಗೇರು. ಅದರಲ್ಲಿ ಹಲ್ಲುಗಳು ಗುಯ್‌ಗುಟ್ಟುತ್ತಿದ್ದವು. ಹಿಂದಿನ ಸೀಟಿನ ಮಾಲೀಕರಿಗೆ ಆ ಸದ್ದು ಹಿಡಿಸಲಿಲ್ಲ, ಚಾಲಕರಿಗೆ ಪದೇ ಪದೇ ಗೇರು ಬದಲಿಸುವುದು ಬೇಡವಾಗಿತ್ತು. ಸದ್ದಿಲ್ಲದ ಕಾರು ಎಂದು ಮಾರಿದ ಮೇಲೆ ಸದ್ದಿನ ದೂರನ್ನು ತಳ್ಳಿಹಾಕುವಂತಿರಲಿಲ್ಲ. 1909ರಲ್ಲಿ ನಾಲ್ಕನೆಯ ಗೇರನ್ನು ತೆಗೆದು ಪೆಟ್ಟಿಗೆಯನ್ನು ಮೂರು ಗೇರಿಗೆ ಇಳಿಸಿದರು. ನೇರ ಗೇರೇ ಟಾಪ್ ಗೇರಾಯಿತು. ಇಂಗ್ಲೆಂಡಿನ ರಸ್ತೆಗೆ ಅಷ್ಟು ಧಾರಾಳವಾಗಿ ಸಾಲುತ್ತಿತ್ತು.

ಪರೀಕ್ಷೆಗಳೂ ಆ ದಾರಿಯನ್ನೇ ಹಿಡಿದವು. 1911ರಲ್ಲಿ ನೇಪಿಯರ್ 65 ಅಶ್ವಶಕ್ತಿಯ ಕಾರೊಂದನ್ನು ಕ್ಲಬ್ಬಿನ ಕಣ್ಣೆದುರು ಲಂಡನ್ನಿನಿಂದ ಎಡಿನ್‌ಬರಕ್ಕೆ ಟಾಪ್ ಗೇರಿನಲ್ಲೇ ಓಡಿಸಿತು. ಗ್ಯಾಲನ್ನಿಗೆ 19.35 ಮೈಲಿ, ಬಳಿಕ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಗಂಟೆಗೆ 76.42 ಮೈಲಿ. ಗೇರು ಬದಲಿಸದೆ ಆಮೆಯಂತೆಯೂ ಕುದುರೆಯಂತೆಯೂ ನಡೆಯಬಲ್ಲ ಎಂಜಿನ್ನೇ ದೊಡ್ಡ ಎಂಜಿನ್ ಎಂಬುದು ಈ ಪಂಥದ ಒಳಮಾತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರೋಲ್ಸ್-ರಾಯ್ಸ್ 1701 ಸಂಖ್ಯೆಯ ಚಾಸಿಯನ್ನು ಅದೇ ದಾರಿಗೆ, ಹೋಗಿ ಬರುವ ಎರಡೂ ಕಡೆಗೆ, ಟಾಪ್ ಗೇರಿನಲ್ಲೇ ಕಳಿಸಿತು. ಓಡಿಸಿದವರು ಅರ್ನೆಸ್ಟ್ ಹೈವ್ಸ್ ಎಂಬ 25ರ ತರುಣ, 1908ರಲ್ಲಿ ಕಂಪನಿಗೆ ಸೇರಿ ಪರೀಕ್ಷೆಯನ್ನೇ ಬದುಕು ಮಾಡಿಕೊಂಡವರು. ಗ್ಯಾಲನ್ನಿಗೆ 24.32 ಮೈಲಿ ಬಂತು, ನಮ್ಮ ಇಂದಿನ ಲೆಕ್ಕದಲ್ಲಿ ಲೀಟರಿಗೆ ಸುಮಾರು 8.6 ಕಿಲೊಮೀಟರ್. ಬ್ರೂಕ್‌ಲ್ಯಾಂಡ್ಸ್‌ನಲ್ಲಿ 78.26 ಮೈಲಿ. ಬಳಿಕ ಹಗುರವಾದ ಒಂಟಿ ಸೀಟಿನ ಬಾಡಿ ಹಾಕಿದ ಕಾರಿನಲ್ಲಿ ಹೈವ್ಸ್ ಗಂಟೆಗೆ 101.8 ಮೈಲಿ ಮುಟ್ಟಿದರು.

ಇದರ ಹಿಂದೆ ಜಾದೂ ಇರಲಿಲ್ಲ. ಕಾರ್ಬ್ಯುರೇಟರನ್ನು ದೊಡ್ಡದು ಮಾಡಿದ್ದರು, ಸಂಕೋಚನ ಅನುಪಾತವನ್ನು ಸ್ವಲ್ಪವೇ ಏರಿಸಿದ್ದರು. ಈ ‘ಸ್ವಲ್ಪ’ ಎಷ್ಟು ಎಂದು ತಿಳಿದರೆ ಆ ಕಾಲದ ಕಷ್ಟ ತಿಳಿಯುತ್ತದೆ. ಇಂದಿನ ಪೆಟ್ರೋಲ್ ಎಂಜಿನ್ ಗಾಳಿ-ಇಂಧನದ ಮಿಶ್ರಣವನ್ನು ಹತ್ತನೇ ಒಂದರಷ್ಟಕ್ಕೆ ಒತ್ತುತ್ತದೆ. ಅಂದು ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚು ಒತ್ತಿದರೆ ಅದೇ ದೊಡ್ಡದು. ಪೆಟ್ರೋಲಿನ ಗುಣ ಊರಿಗೊಂದು ಥರ ಇರುತ್ತಿತ್ತು. ಹೆಚ್ಚು ಒತ್ತಿದರೆ ಮಿಶ್ರಣ ಹೊತ್ತು ಮುಂಚೆ ಸಿಡಿದು, ಸುತ್ತಿಗೆ ಬಡಿದ ಸದ್ದು ಬಂದು ಪಿಸ್ಟನ್ ಹಾಳಾಗುತ್ತಿತ್ತು.

1908ರಲ್ಲಿ ಡರ್ಬಿಗೆ ಸ್ಥಳಾಂತರಗೊಂಡ ಹೊಸ ಕಾರ್ಖಾನೆಯಲ್ಲಿ ಕುಲುಕುವ ಯಂತ್ರವೂ ಒಂದಿತ್ತು. ಉಬ್ಬುತಗ್ಗಿನ ಉರುಳೆಗಳ ಮೇಲೆ ಚಾಸಿಯ ಚಕ್ರ ನಿಲ್ಲಿಸಿ ಉರುಳೆ ತಿರುಗಿಸುತ್ತಿದ್ದರು. ಕೆಟ್ಟ ರಸ್ತೆಯಲ್ಲಿ ತಿಂಗಳುಗಟ್ಟಲೆ ಓಡಿದರೆ ಬರುವ ಏಟು ಅಲ್ಲಿ ಕೆಲವೇ ಹೊತ್ತಿನಲ್ಲಿ ಬೀಳುತ್ತಿತ್ತು. ಮುರಿಯಲೆಂದೇ ಓಡಿಸುವುದು, ಮುರಿದದ್ದನ್ನು ಗಟ್ಟಿ ಮಾಡುವುದು, ಮತ್ತೆ ಓಡಿಸುವುದು. ಇಷ್ಟೆಲ್ಲ ಇದ್ದೂ ಯಾರೂ ಕೇಳದ ಪ್ರಶ್ನೆಯೊಂದು ಉಳಿದಿತ್ತು: ಇಂಗ್ಲೆಂಡಿನಲ್ಲಿ ಇಲ್ಲದಂಥ ಏರು ಎದುರಾದರೆ?

1912ರಲ್ಲಿ ಆಲ್ಪ್ಸ್ ಪರ್ವತಗಳಲ್ಲಿ ನಡೆದ ಕಾರುಗಳ ಪರೀಕ್ಷಾ ಯಾತ್ರೆಗೆ ಜೇಮ್ಸ್ ರ‍್ಯಾಡ್ಲಿ ತಮ್ಮ ಸ್ವಂತ ಸಿಲ್ವರ್ ಗೋಸ್ಟ್ ತೆಗೆದುಕೊಂಡು ಹೋದರು. ಅವರು ವಿಮಾನ ಹಾರಿಸುವ ಸಾಹಸಿ. ಆಸ್ಟ್ರಿಯಾದ ಸಾಲ್ಸ್‌ಬರ್ಗ್ ಮತ್ತು ಕರಿಂಥಿಯಾ ಸೀಮೆಗಳ ನಡುವೆ ಕಾಟ್ಶ್‌ಬರ್ಗ್ ಎಂಬ ಕಣಿವೆದಾರಿ ಇದೆ. ಎತ್ತರ 1641 ಮೀಟರ್. ಅಲ್ಲಿನ ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು ಶೇ 15ರಷ್ಟು ತೆಳು, ಎಂದರೆ ಎಂಜಿನ್ನಿನ ಬಲವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಏರು ಇಂದಿನ ಘಾಟಿರಸ್ತೆಯಂತೆ ಬಳಸಿ ಬಳಸಿ ಹೋಗುವುದಲ್ಲ, ಎತ್ತಿನಗಾಡಿಯವನೂ ಇಳಿದು ನಡೆಯುವಂಥ ನೆಟ್ಟನೆಯ ಏರು. ರ‍್ಯಾಡ್ಲಿ ಮೊದಲ ಗೇರಿಗೆ ಇಳಿಸಿದರು. ಅದಕ್ಕಿಂತ ಕೆಳಗೆ ಇಳಿಸಲು ಗೇರು ಇರಲಿಲ್ಲ. ಎಂಜಿನ್ನಿನ ಸುತ್ತು ಕುಗ್ಗುತ್ತ ಕುಗ್ಗುತ್ತ ಕಾರು ನಿಂತಿತು. ಪ್ರಯಾಣಿಕರು ಇಳಿದ ಮೇಲೆ, ತೂಕ ಕಡಿಮೆಯಾದಾಗ ಹೊರಟಿತು. ಲಂಡನ್-ಎಡಿನ್‌ಬರದ ಟಾಪ್ ಗೇರಿನ ಗೆಲುವಿಗೆ ಇನ್ನೂ ವರ್ಷ ತುಂಬಿರಲಿಲ್ಲ.

ನನಗೆ ಈ ಕಥೆಯಲ್ಲಿ ಅತ್ಯಂತ ಇಷ್ಟವಾಗುವುದು ಇದರ ಮುಂದಿನ ಒಂದು ವರ್ಷ. ಕಂಪನಿ ನೆಪ ಹುಡುಕಬಹುದಿತ್ತು. ಅದು ನಮ್ಮ ಅಧಿಕೃತ ಕಾರಲ್ಲ, ಗಿರಾಕಿ ತಾನೇ ಕೊಂಡೊಯ್ದದ್ದು ಎನ್ನಬಹುದಿತ್ತು, ಅದು ನಿಜವೂ ಆಗಿತ್ತು. ಆಗ ರೋಲ್ಸ್ ಬದುಕಿರಲಿಲ್ಲ, 1910ರ ಜುಲೈನಲ್ಲಿ ಬೋರ್ನ್‌ಮತ್‌ನಲ್ಲಿ ವಿಮಾನ ಮುರಿದು ತೀರಿಕೊಂಡಿದ್ದರು. ರಾಯ್ಸ್ 1911ರಲ್ಲಿ ಕಾಯಿಲೆ ಬಿದ್ದು ಡರ್ಬಿಯಿಂದ ದೂರವಾಗಿದ್ದರು. ಜಾನ್ಸನ್ ಅವರನ್ನು ದಕ್ಷಿಣ ಫ್ರಾನ್ಸಿನ ಲ ಕೆನಡೆಲ್ ಎಂಬ ಕಡಲತೀರದ ಊರಿಗೆ ಕರೆದೊಯ್ದು, ಅಲ್ಲೇ ಮನೆ ಕಟ್ಟಿಸಿ, ನಕ್ಷೆ ಬರೆಯುವವರನ್ನೂ ಒದಗಿಸಿದ್ದರು. ಅಂದಿನಿಂದ ಕೊನೆಯವರೆಗೂ ರಾಯ್ಸ್ ಕಾಗದ, ನಕ್ಷೆಗಳ ಮೂಲಕವೇ ಕಾರ್ಖಾನೆ ತಿದ್ದಿದರು. ಡರ್ಬಿಯಲ್ಲಿ ಏನು ಮುರಿಯಿತು, ಹೇಗೆ ಮುರಿಯಿತು ಎಂದು ಹೈವ್ಸ್‌ರಂಥವರು ಬರೆದು ತಿಳಿಸದಿದ್ದರೆ ಆ ದೂರದ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

ಬಿಟ್ಟಿದ್ದ ನಾಲ್ಕನೆಯ ಗೇರು ತಿರುಗಿ ಬಂತು. ಆದರೆ ಈ ಸಲ ಮೇಲಿನಿಂದಲ್ಲ, ಕೆಳಗಿನಿಂದ: ಏರಿಗೆಂದೇ ಒಂದು ತಗ್ಗಿನ ಗೇರು ಸೇರಿತು, ಟಾಪ್ ಗೇರು ಮೊದಲಿನಂತೆ ಸದ್ದಿಲ್ಲದ ನೇರ ಗೇರಾಗಿಯೇ ಉಳಿಯಿತು. ನೀರು ಕುದಿಯದಂತೆ ರೇಡಿಯೇಟರ್ ದೊಡ್ಡದಾಯಿತು, ಸ್ಪ್ರಿಂಗುಗಳು ಗಟ್ಟಿಯಾದವು, ನೆಲದಿಂದ ಎತ್ತರ ಹೆಚ್ಚಿತು. ಇದಕ್ಕೆ ಕಾಂಟಿನೆಂಟಲ್ ಚಾಸಿ ಎಂದು ಹೆಸರಾಯಿತು, ಬಳಿಕ ಜನ ಆಲ್ಪೈನ್ ಈಗಲ್ ಎಂದು ಕರೆದರು.

1913ರ ಜೂನ್‌ನಲ್ಲಿ ಅಂಥ ಮೂರು ಕಾರುಗಳ ಅಧಿಕೃತ ತಂಡ ಅದೇ ಆಲ್ಪ್ಸ್ ಯಾತ್ರೆಗೆ ವಿಯೆನ್ನಾದಿಂದ ಹೊರಟಿತು. ಚಾಲಕರಲ್ಲಿ ಒಬ್ಬರು ಹೈವ್ಸ್. ನಾಲ್ಕನೆಯ ಕಾರು ರ‍್ಯಾಡ್ಲಿಯವರ ಸ್ವಂತದ್ದು, ಸೋತ ಏರನ್ನು ಮತ್ತೆ ಹತ್ತಲು ಬಂದಿದ್ದರು. ಸುಮಾರು 2,600 ಕಿಲೊಮೀಟರ್, ಒಂದರ ಮೇಲೊಂದು ಕಣಿವೆದಾರಿ. ನಿಯಮ ಕಟುವಾಗಿತ್ತು. ಬಾನೆಟ್‌ಗೆ ಮೊಹರು, ಮುಟ್ಟಿದರೆ ಅಂಕ ಕಡಿತ, ಎಂಜಿನ್ ನಿಂತರೂ ಅಂಕ ಕಡಿತ. ಬೇರೆ ಕಾರುಗಳು ತಿರುವಿನಲ್ಲಿ ಕುದಿಯುವ ನೀರು ತಣಿಸಿಕೊಳ್ಳುತ್ತ ನಿಂತಿದ್ದಾಗ ಇವು ಹಾದುಹೋದವು. ಕಾಟ್ಶ್‌ಬರ್ಗ್‌ನಲ್ಲಿ ಈ ಸಲ ಯಾರೂ ಇಳಿಯಬೇಕಾಗಲಿಲ್ಲ. ತಂಡದ ಒಂದು ಕಾರಿಗೆ ಸ್ಪರ್ಧೆಗೆ ಸೇರದ ವಾಹನವೊಂದು ಬಂದು ಗುದ್ದಿದ್ದರಿಂದ ತಂಡದ ಬಹುಮಾನ ಕೈತಪ್ಪಿತು. ಆರ್ಚ್‌ಡ್ಯೂಕ್ ಲಿಯೊಪೋಲ್ಡ್ ಕಪ್ ಸೇರಿ ಉಳಿದ ಗೌರವಗಳು ಬಂದವು. 1914ರ ಜೂನ್‌ನಲ್ಲಿ ರ‍್ಯಾಡ್ಲಿ ಒಬ್ಬರೇ ಮತ್ತೆ ಹೋಗಿ ಒಂದೂ ಅಂಕ ಕಳೆದುಕೊಳ್ಳದೆ ಮುಗಿಸಿದರು. ಅದು ಮುಗಿದ ಕೆಲವೇ ದಿನಕ್ಕೆ ಆಸ್ಟ್ರಿಯಾ ಸಾಮ್ರಾಜ್ಯದ ಸರಯೇವೊದಲ್ಲಿ ಮೊದಲ ಮಹಾಯುದ್ಧಕ್ಕೆ ಕಾರಣವಾದ ಗುಂಡು ಹಾರಿತು.

ಯುದ್ಧ ಬಂದ ಮೇಲೆ ಆ ಚಾಸಿಗಳ ಮೇಲೆ ಉಕ್ಕಿನ ತಗಡು ಹೊದಿಸಿ ಮೆಷಿನ್ ಗನ್ ಕೂರಿಸಿದರು. ಟನ್ನುಗಟ್ಟಲೆ ಹೊರೆ ಹೊತ್ತು ಅವು ಮರುಭೂಮಿಯಲ್ಲಿ ಓಡಿದವು. ಡರ್ಬಿಯ ಪರೀಕ್ಷಾ ಕಟ್ಟೆಗಳಿಗೆ ಹೊಸ ಎಂಜಿನ್ ಏರಿತು: ಹನ್ನೆರಡು ಸಿಲಿಂಡರಿನ ಈಗಲ್, ವಿಮಾನಕ್ಕೆ. 1915ರಲ್ಲಿ ಮೊದಲು ಓಡಿದಾಗ ಅದರ ಬಲ 225 ಅಶ್ವಶಕ್ತಿ. ಹೈವ್ಸ್ ಮತ್ತು ಅವರ ಜೊತೆಯವರು ಕಾರಿನಿಂದ ಕಲಿತ ರೀತಿಯಲ್ಲೇ ಅದನ್ನು ಕಟ್ಟೆಯ ಮೇಲೆ ಮುರಿಯುವವರೆಗೆ ಓಡಿಸಿದರು. ಮುರಿದ ಭಾಗದ ವರದಿ ರಾಯ್ಸ್‌ಗೆ ಹೋಗುತ್ತಿತ್ತು, ತಿದ್ದಿದ ನಕ್ಷೆ ಮರಳುತ್ತಿತ್ತು, ಹೊಸ ಭಾಗ ಮಾಡಿ ಮತ್ತೆ ಓಡಿಸುತ್ತಿದ್ದರು. 1918ರ ಹೊತ್ತಿಗೆ ಅದೇ ಎಂಜಿನ್ 360 ಅಶ್ವಶಕ್ತಿ ಕೊಡುತ್ತಿತ್ತು.

1919ರ ಜೂನ್ 14ರಂದು ಜಾನ್ ಆಲ್‌ಕಾಕ್ ಮತ್ತು ಆರ್ಥರ್ ಬ್ರೌನ್ ಅಂಥ ಎರಡು ಎಂಜಿನ್ನಿನ ವಿಕರ್ಸ್ ವಿಮಿ ವಿಮಾನದಲ್ಲಿ ನ್ಯೂಫೌಂಡ್‌ಲ್ಯಾಂಡಿನಿಂದ ಎದ್ದರು. ಎಲ್ಲೂ ಇಳಿಯದೆ ಅಟ್ಲಾಂಟಿಕ್ ದಾಟುವುದು ಅವರ ಗುರಿ. ಇಲ್ಲಿ ಭಾರ ಇಳಿಸಲು ಪ್ರಯಾಣಿಕರಿರಲಿಲ್ಲ, ನಿಲ್ಲಿಸಿ ಬಾನೆಟ್ ತೆರೆಯಲು ರಸ್ತೆಯೂ ಇರಲಿಲ್ಲ. ಹೊರಟ ಕೆಲವು ಗಂಟೆಗಳಲ್ಲಿ ಬಲಗಡೆಯ ಎಂಜಿನ್ನಿನ ಹೊಗೆಕೊಳವೆಯ ತುಂಡೊಂದು ಕಳಚಿ ಬಿತ್ತು. ಅಲ್ಲಿಂದ ಆಚೆಗೆ ಸದ್ದು ಎಷ್ಟಿತ್ತೆಂದರೆ ಪಕ್ಕಪಕ್ಕದಲ್ಲಿ ಕೂತಿದ್ದ ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಕೇಳಿಸಲಿಲ್ಲ. ಮೋಡದಲ್ಲಿ, ಮಂಜಿನಲ್ಲಿ, ಹಿಮದಲ್ಲಿ ಆ ಎಂಜಿನ್ ರಾತ್ರಿಯಿಡೀ ಅಬ್ಬರಿಸುತ್ತಲೇ ತಿರುಗಿತು. ಸುಮಾರು ಹದಿನಾರು ಗಂಟೆಯ ನಂತರ, ಮರುದಿನ ಬೆಳಗ್ಗೆ, ಐರ್ಲೆಂಡಿನ ಕ್ಲಿಫ್ಡನ್ ಹತ್ತಿರ ಹುಲ್ಲುಗಾವಲೆಂದು ತಿಳಿದು ಕೆಸರುನೆಲಕ್ಕೆ ವಿಮಾನ ಇಳಿಸಿದರು. ಮೂತಿ ನೆಲಕ್ಕೆ ಹೂತುಕೊಂಡಿತು. ಇಬ್ಬರೂ ಗಾಯವಿಲ್ಲದೆ ಇಳಿದು ಬಂದರು.